ಮರವೆಯ ರೋಗವೂ ಅರಿವಿನ ಧರ್ಮವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜನ್ನಾಪುರದ ಭಕ್ತಮಂಡಲಿಯ ಮುಂದೆ ಮಾಡಿದ ಉಪನ್ಯಾಸ)

ಶ್ರೀಗಳವರು ಈ ಸಲ ನನಗೆ ಶಾಸ್ತ್ರವಿಷಯವನ್ನು ಕೊಡದೆ, ವೃದ್ಧಾಪ್ಯದಲ್ಲಿ ಬುದ್ಧಿಯನ್ನು ಕವಿಯುವ ಮರವೆಯ ರೋಗವನ್ನೂ ಅದಕ್ಕೆ ನಂಟಾಗಿರುವ ದೀರ್ಘವ್ಯಾಧಿಗಳನ್ನೂ ಕುರಿತು ಈಗಿನ ವೈದ್ಯಪಂಡಿತರು ಕಂಡುಕೊಂಡಿರುವುದು ಏನೆಂಬುದನ್ನು ಸಂಗ್ರಹಿಸಿ ಹೇಳಬೇಕೆಂದು ಅಪ್ಪಣೆ ಕೊಡಿಸಿದರು. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಸಿದ್ಧಾಂತವನ್ನೂ ಓದಿದವನಿಗೆ ಇದು ಪರರ ಹೊಲದ ಬೆಳೆಯೆಂದು ಕೆಲವರಿಗೆ ತೋರಬಹುದು. ಆದರೆ ಅರಿವು ಮರವೆಗಳ ವಿಚಾರವನ್ನು ನಮ್ಮ ಶರಣರು ಮಾಡಿದಷ್ಟು ಮತ್ತಾರು ಮಾಡಿದ್ದಾರೆ? ಅಲ್ಲಮಪ್ರಭುಗಳ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಇರುವ ಜಿಲ್ಲೆಯಲ್ಲಿ ಹುಟ್ಟಿದವರು ಈ ವಿಷಯವನ್ನು ವೈದ್ಯರಿಗೆ ಮಾತ್ರವೇ ಬಿಟ್ಟುಕೊಟ್ಟು ಸುಮ್ಮನಿರುವುದು ಯುಕ್ತವಲ್ಲ.

ಮೊದಲು ಒಂದು ನುಡಿಯ ಗಂಟನ್ನು ಬಿಡಿಸಿಕೊಳ್ಳಬೇಕಾಗಿದೆ. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇರುವುದು. ಇದು ಕೇಳುವುದಕ್ಕೆ ವಿನೋದವಾಗಿದ್ದರೂ ಮಾಡಿರುವ ಅಪಕಾರ ಅಲ್ಪವಲ್ಲ. ಮನೆಯ ಹಿರಿಯರು ಹೇಳಿದ್ದನ್ನೇ ಹತ್ತು ಸಲ ಹೇಳತೊಡಗಿದರೆ, ಒಲೆಯ ಮೇಲಿಟ್ಟ ಪಾತ್ರೆಯನ್ನು ಮರೆತು ಸುಟ್ಟರೆ, ಪೇಟೆಯಲ್ಲಿ ಚಿಲ್ಲರೆಯ ಲೆಕ್ಕ ತಪ್ಪಿದರೆ, ಗಾದೆಯನ್ನು ಹೇಳಿ ನಕ್ಕು ಸುಮ್ಮನಾಗುತ್ತೇವೆ. ಹೀಗೆ ನಗುತ್ತಿರುವಾಗಲೇ ಎರಡು ಮೂರು ವರ್ಷಗಳು ಕಳೆದುಹೋಗುತ್ತವೆ. ಜಾತ್ರೆಯಲ್ಲಿ ಕಂಡವರ ಹೆಸರನ್ನು ಮರೆತು ಸಂಜೆಗೆ ನೆನಪಿಸಿಕೊಳ್ಳುವುದು ವಯೋಧರ್ಮವು; ನಲವತ್ತು ವರ್ಷ ನಡೆದ ಬೀದಿಯಲ್ಲಿ ನಿಂತು ತನ್ನ ಮನೆ ಯಾವುದೆಂದು ಕೇಳುವುದು ರೋಗವು. ಇವೆರಡಕ್ಕೂ ಒಂದೇ ಹೆಸರನ್ನಿಟ್ಟಿರುವುದರಿಂದ ರೋಗವು ವಯಸ್ಸಿನ ಮರೆಯಲ್ಲಿ ಅಡಗಿಕೊಂಡು ಬೆಳೆಯುತ್ತಿದೆ.

ಈ ರೋಗಸಮೂಹಕ್ಕೆ ವೈದ್ಯರು ಡಿಮೆನ್ಷಿಯಾ ಎಂದು ಹೆಸರಿಟ್ಟಿರುವರು. ಇದು ಒಂದೇ ರೋಗದ ಹೆಸರಲ್ಲ. ‘ಜ್ವರ’ವೆಂದರೆ ಹೇಗೆ ಹಲವು ಕಾರಣಗಳಿಂದ ಬರುವ ಒಂದು ಅವಸ್ಥೆಯೋ ಹಾಗೆ ಇದೂ ಹಲವು ವ್ಯಾಧಿಗಳ ಫಲ. ಅವುಗಳಲ್ಲಿ ಬಹುಪಾಲು ಆಲ್ಜೈಮರ್ ಎಂಬ ಹೆಸರಿನದು. ಮಿದುಳಿನ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಬರುವುದು ಮತ್ತೊಂದು. ಮುಪ್ಪಿನಲ್ಲಿ ಇವೆರಡೂ ಒಟ್ಟಿಗೆ ಬರುವುದೇ ಹೆಚ್ಚೆಂದು ಬಲ್ಲವರು ಹೇಳುತ್ತಾರೆ.

ಆಲ್ಜೈಮರ್ ಎಂಬುದು ಒಬ್ಬ ಜರ್ಮನ್ ವೈದ್ಯನ ಹೆಸರು. 1901ರಲ್ಲಿ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಅಗಸ್ಟ ಡೇಟರ್ ಎಂಬ ಐವತ್ತೊಂದು ವಯಸ್ಸಿನ ಗೃಹಿಣಿಯನ್ನು ಕರೆತಂದರು. ಆಕೆಗೆ ತನ್ನ ಹೆಸರನ್ನು ಬರೆಯುವುದಕ್ಕೂ ಆಗುತ್ತಿರಲಿಲ್ಲ. 1906ರಲ್ಲಿ ಆಕೆ ಕಾಲವಶಳಾದ ಮೇಲೆ ಆತನು ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ನರಕೋಶಗಳ ನಡುವೆ ಹೆಪ್ಪುಗಟ್ಟಿದ ಕಸವನ್ನೂ ಕೋಶಗಳ ಒಳಗೆ ನೂಲುಂಡೆಯಂತೆ ಸಿಕ್ಕುಬಿದ್ದ ಎಳೆಗಳನ್ನೂ ಕಂಡನು. ಹೊರಗಿನ ಕಸವು ಅಮಿಲಾಯ್ಡ್ ಎಂಬ ಪದಾರ್ಥದಿಂದಲೂ ಒಳಗಿನ ಸಿಕ್ಕು ಟೌ ಎಂಬುದರಿಂದಲೂ ಆದುದೆಂದು ಅನಂತರ ತಿಳಿದುಬಂತು. ಇವು ಕೂಡತೊಡಗುವುದು ಮರವೆ ಕಾಣಿಸಿಕೊಳ್ಳುವುದಕ್ಕಿಂತ ಹದಿನೈದು ಇಪ್ಪತ್ತು ವರ್ಷ ಮೊದಲೇ ಎಂಬುದು ಇತ್ತೀಚಿನ ಶೋಧನೆಗಳಲ್ಲಿ ಅತ್ಯಂತ ಮುಖ್ಯವಾದದ್ದು. ಎಪ್ಪತ್ತಕ್ಕೆ ಕಾಣುವ ರೋಗದ ಬೇರು ಐವತ್ತಕ್ಕೇ ಇಳಿದಿರುತ್ತದೆ. ಆದುದರಿಂದ ನನ್ನ ಈ ಉಪನ್ಯಾಸವು ಮುಂದಿನ ಸಾಲಿನಲ್ಲಿ ಕುಳಿತಿರುವ ವೃದ್ಧರಿಗಿಂತ ಹಿಂದೆ ನಿಂತು ಕೇಳುತ್ತಿರುವ ನಡುವಯಸ್ಸಿನವರಿಗೇ ಹೆಚ್ಚು ಸಂಬಂಧಿಸಿದ್ದೆಂದು ತಿಳಿಯತಕ್ಕದ್ದು.

ಇದರ ಪ್ರಮಾಣವೆಷ್ಟು? 2021ರಲ್ಲಿ ಜಗತ್ತಿನಲ್ಲಿ 5 ಕೋಟಿ 70 ಲಕ್ಷ ಜನರಿಗೆ ಈ ಅವಸ್ಥೆಯಿದ್ದಿತೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಎಣಿಸಿರುವರು. ನಮ್ಮ ದೇಶದ ಲೆಕ್ಕವು 2023ರಲ್ಲಿ ಪ್ರಕಟವಾಯಿತು. ಅದರಂತೆ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಈ ರೋಗವಿದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೂ ಗಂಡಸರಿಗಿಂತ ಹೆಂಗಸರಲ್ಲಿಯೂ ಹೆಚ್ಚು. ಹಳ್ಳಿಯ ಗಾಳಿ, ಹಳ್ಳಿಯ ಊಟ, ಹಳ್ಳಿಯವರಿಗೆ ಇದೆಲ್ಲ ಬಾರದೆಂದು ಹೇಳುವವರು ಈ ಅಂಕಿಗಳನ್ನು ನೋಡಬೇಕು. ಬಾಲ್ಯದಲ್ಲಿ ವಿದ್ಯೆ ದೊರೆಯದವರಿಗೆ ಈ ಅಪಾಯ ಹೆಚ್ಚೆಂಬುದು ಹಲವು ದೇಶಗಳಲ್ಲಿ ಸಿದ್ಧವಾಗಿರುವುದರಿಂದ, ನಮ್ಮ ಅಜ್ಜಿಯರನ್ನು ಶಾಲೆಗೆ ಕಳುಹಿಸದೆ ಇದ್ದುದರ ಫಲವನ್ನು ಅವರ ಮುಪ್ಪಿನಲ್ಲಿ ಕಾಣುತ್ತಿದ್ದೇವೆ. ಅನುಭವಮಂಟಪದಲ್ಲಿ ಹೆಂಗಸರಿಗೆ ಸಮನಾದ ಆಸನವಿತ್ತೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಸಮಾಜವು ಅವರ ಕೈಗೆ ಬಹುಕಾಲ ಪಾಟಿಬಳಪಗಳನ್ನು ಕೊಡಲಿಲ್ಲವೆಂಬುದನ್ನು ಇಲ್ಲಿ ಸುಮ್ಮನೆ ದಾಟಿಹೋಗಲಾರೆನು.

ಇನ್ನು ನಮ್ಮ ಊರಿನ ಮಾತು. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಈ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯೂ 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾದುವು. ಅವುಗಳ ಕೂಲಿಗೂ ನೌಕರಿಗೂ ನಾಲ್ಕು ದಿಕ್ಕಿನಿಂದ ಜನರು ಬಂದು ನೆಲಸಿದರು. ಆ ನೌಕರಿಯನ್ನು ಮುಗಿಸಿದವರು ಈಗ ವೃದ್ಧರಾಗಿ ಜನ್ನಾಪುರದಂತಹ ಬಡಾವಣೆಗಳಲ್ಲಿ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲಿಯೋ ಸಮುದ್ರದಾಚೆಯೋ ಇರುವರು. ಮನೆಯಲ್ಲಿ ಇಬ್ಬರೇ ಮುದುಕರು, ಕೆಲವೆಡೆ ಒಬ್ಬರೇ. ಕೂಡುಕುಟುಂಬದಲ್ಲಿ ಅಜ್ಜನು ದಾರಿ ತಪ್ಪಿದರೆ ಮೊಮ್ಮಗನು ಕೈಹಿಡಿದು ಕರೆತರುತ್ತಿದ್ದನು. ಈಗ ಆ ಕೈಯಿಲ್ಲ.

ಇಂತಹ ಒಂದು ಮನೆಯ ಸಂಗತಿಯೇ ಶ್ರೀಗಳವರು ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಕಾರಣವಾಯಿತು. ಕಾರ್ಖಾನೆಯ ಎರಕದ ವಿಭಾಗದಲ್ಲಿ ಬಹುಕಾಲ ದುಡಿದು ನಿವೃತ್ತರಾದ ಒಬ್ಬ ಹಿರಿಯರು, ಒಂದು ದಿನವೂ ಲಿಂಗಪೂಜೆಯನ್ನು ಬಿಡದೆ ನಡೆದುಬಂದವರು, ಕ್ರಮಕ್ರಮವಾಗಿ ಎಲ್ಲವನ್ನೂ ಮರೆಯುತ್ತ ಬಂದು, ಕಡೆಗೆ ಕರಡಿಗೆಯನ್ನು ಬಿಚ್ಚಿ ಇಷ್ಟಲಿಂಗವನ್ನು ಅಕ್ಕಿಯ ಡಬ್ಬದಲ್ಲಿ ಇಟ್ಟರು. ಮತ್ತೊಂದು ದಿನ ಇದು ಯಾರದೆಂದು ಕೇಳಿದರು. ಅವರ ಪತ್ನಿಯೂ ಮಗನೂ ಮಠಕ್ಕೆ ಬಂದು, ಅಪ್ಪನವರು ಲಿಂಗವನ್ನು ಮರೆತರೆಂದರೆ ಆಚಾರಭ್ರಷ್ಟರಾದರೇ, ಲಿಂಗವನ್ನು ಅವರಿಂದ ತೆಗೆದಿರಿಸಬೇಕೇ, ಅವರು ಅಗಲಿದ ಮೇಲೆ ಸಂಸ್ಕಾರಕ್ಕೆ ಏನಾದರೂ ಬಾಧಕವುಂಟೇ ಎಂದು ಕೇಳಿದರು. ಬೀದಿಯಲ್ಲಿ ಯಾರೋ ಇದು ಪೂರ್ವಕರ್ಮದ ಫಲವೆಂದೂ, ಒಳಗೊಳಗೆ ಏನೋ ಪಾಪವಿದ್ದಿರಬೇಕೆಂದೂ ಆಡಿದ್ದರಂತೆ. ಆ ತಾಯಿಯ ಕಣ್ಣಿನಲ್ಲಿ ನೀರಿರಲಿಲ್ಲ. ಬಹಳ ದಿನ ನಿದ್ರೆಯಿಲ್ಲದವರ ಕಣ್ಣಿನ ಶುಷ್ಕತೆ ಮಾತ್ರವಿತ್ತು. ಈ ಪ್ರಶ್ನೆಗೆ ಉತ್ತರವನ್ನು ವೈದ್ಯರ ಮಾತಾದ ಮೇಲೆ ಹೇಳುತ್ತೇನೆ. ಏಕೆಂದರೆ ರೋಗವೇನೆಂದು ತಿಳಿಯದೆ ಧರ್ಮವನ್ನು ನಿರ್ಣಯಿಸುವುದು ಸಲ್ಲದು.

ಮರೆತವರನ್ನೆಲ್ಲ ಗುಣವಾಗದ ರೋಗಿಗಳೆಂದು ತಿಳಿಯುವುದು ಮೊದಲನೆಯ ತಪ್ಪು. ಮರವೆಯಂತೆಯೇ ತೋರುವ, ಆದರೆ ಔಷಧಕ್ಕೆ ಬಗ್ಗುವ ಕಾರಣಗಳು ಹಲವಿವೆ. ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮನಸ್ಸಿನ ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಮಿದುಳಿನ ಹೊರಪದರದಲ್ಲಿ ರಕ್ತ ನಿಲ್ಲುವುದು, ನಿದ್ರೆಯ ಗುಳಿಗೆಗಳ ಅತಿಯಾದ ಬಳಕೆ ಇವೆಲ್ಲ ಹಾಗೆ. ಇವುಗಳಲ್ಲಿ ಒಂದು ನಮ್ಮವರಿಗೆ ವಿಶೇಷವಾಗಿ ಸಂಬಂಧಿಸಿದ್ದು: ವಿಟಮಿನ್ ಬಿ-12 ಎಂಬ ಪೋಷಕದ ಕೊರತೆ. ಇದು ಸಸ್ಯಾಹಾರದಲ್ಲಿ ಹೆಚ್ಚುಕಡಮೆ ಇಲ್ಲವೇ ಇಲ್ಲ. ಶಾಕಾಹಾರಿಗಳಿಗೆ ಹಾಲು ಮೊಸರುಗಳಿಂದಲೇ ದೊರೆಯಬೇಕು. ಮುಪ್ಪಿನಲ್ಲಿ ಹೊಟ್ಟೆಯು ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಸಕ್ಕರೆಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನೂ ಹುಳಿತೇಗಿನ ಗುಳಿಗೆಗಳನ್ನೂ ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಇನ್ನೂ ಇಳಿಯಬಹುದು. ಕೈಕಾಲು ಜೋಮು, ನಡಿಗೆಯಲ್ಲಿ ತೂರಾಟ, ಮರವೆ ಇವು ಅದರ ಚಿಹ್ನೆಗಳು. ಒಂದು ರಕ್ತಪರೀಕ್ಷೆಯಿಂದ ತಿಳಿಯುವುದು, ಸೂಜಿಮದ್ದಿನಿಂದಲೋ ಗುಳಿಗೆಯಿಂದಲೋ ಸರಿಪಡಿಸಬಹುದಾದದ್ದು. ಆದರೆ ತಡಮಾಡಿದರೆ ಕೆಟ್ಟ ನರವು ಪೂರ್ತಿ ಹಿಂದಕ್ಕೆ ಬಾರದು. ನಮ್ಮ ಆಹಾರನಿಯಮವು ಶ್ರೇಷ್ಠವೆಂದು ನಂಬಿರುವ ನಾನು ಅದರಲ್ಲಿ ಎಚ್ಚರ ವಹಿಸಬೇಕಾದ ಸ್ಥಳವೊಂದಿದೆಯೆಂದು ಹೇಳುವುದಕ್ಕೆ ಹಿಂಜರಿಯುವುದಿಲ್ಲ. ಮೊಮ್ಮಕ್ಕಳಿಗೆಂದು ಹಾಲನ್ನೆಲ್ಲ ಉಳಿಸಿ ತಾವು ಬರಿಯ ಚಹಾ ಕುಡಿಯುವ ಅಜ್ಜಿಯರು ಇದನ್ನು ಕೇಳಬೇಕು.

ಎರಡನೆಯದಾಗಿ ರೋಗವನ್ನು ತಡೆಯುವ ಮಾತು. ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯು ನೇಮಿಸಿದ ಪಂಡಿತಮಂಡಲಿಯು 2024ರಲ್ಲಿ ಕೊಟ್ಟ ವರದಿಯಂತೆ, ಮನುಷ್ಯಪ್ರಯತ್ನದಿಂದ ತಿದ್ದಬಹುದಾದ ಕಾರಣಗಳು ಹದಿನಾಲ್ಕು. ಅವನ್ನೆಲ್ಲ ತಿದ್ದಿದರೆ ಈ ರೋಗದಲ್ಲಿ ನೂರಕ್ಕೆ 45 ಪಾಲು ಬಾರದಂತೆಯೋ ತಡವಾಗಿ ಬರುವಂತೆಯೋ ಮಾಡಬಹುದು. ವಿದ್ಯೆಯ ಕೊರತೆ, ಕಿವುಡುತನ, ದೃಷ್ಟಿಮಾಂದ್ಯ, ರಕ್ತದ ಒತ್ತಡ, ಮಧುಮೇಹ, ಕೊಲೆಸ್ಟರಾಲ್, ಬೊಜ್ಜು, ಜಡತ್ವ, ಧೂಮಪಾನ, ಮದ್ಯ, ಖಿನ್ನತೆ, ತಲೆಯ ಪೆಟ್ಟು, ಹೊಗೆತುಂಬಿದ ಗಾಳಿ, ಏಕಾಂತ ಇವೇ ಅವು. ಈ ಪಟ್ಟಿಯನ್ನು ನೋಡಿದರೆ ಮರವೆಯ ರೋಗವು ಒಂಟಿಯಾಗಿ ಬರುವುದಲ್ಲ, ಮನೆಯಲ್ಲಿ ಮೊದಲೇ ಬಂದು ಕುಳಿತಿರುವ ಬೇರೆ ದೀರ್ಘವ್ಯಾಧಿಗಳ ಹಿಂದೆಯೇ ಬರುವುದೆಂದು ಸ್ಪಷ್ಟವಾಗುತ್ತದೆ.

ಅವುಗಳಲ್ಲಿ ರಕ್ತದ ಒತ್ತಡವನ್ನೇ ಮೊದಲು ಹಿಡಿಯಬೇಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನದಂತೆ ನಮ್ಮ ವಯಸ್ಕರಲ್ಲಿ ನೂರಕ್ಕೆ 35ಕ್ಕೂ ಹೆಚ್ಚು ಮಂದಿಗೆ ಅಧಿಕ ಒತ್ತಡವಿದೆ; ಮಧುಮೇಹಿಗಳು 10 ಕೋಟಿಗೂ ಮೇಲೆ. ಒತ್ತಡಕ್ಕೆ ನೋವಿಲ್ಲ, ಜ್ವರವಿಲ್ಲ. ಆದುದರಿಂದ ತಮಗೆ ಇರುವುದೇ ಅನೇಕರಿಗೆ ಗೊತ್ತಿಲ್ಲ. ಚೀನಾ ದೇಶದ 326 ಹಳ್ಳಿಗಳಲ್ಲಿ ಸುಮಾರು 34,000 ಜನರನ್ನು ನಾಲ್ಕು ವರ್ಷ ಇಟ್ಟುಕೊಂಡು ಒಂದು ದೊಡ್ಡ ಪರೀಕ್ಷೆ ನಡೆಯಿತು. ದೊಡ್ಡ ವೈದ್ಯರಲ್ಲ, ಹಳ್ಳಿಯ ಸಾಮಾನ್ಯ ಆರೋಗ್ಯಸೇವಕರೇ ಕ್ರಮವಾಗಿ ಒತ್ತಡವನ್ನು ಅಳೆದು ಔಷಧವನ್ನು ಹೊಂದಿಸಿ ಕೊಟ್ಟರು. ಆ ಹಳ್ಳಿಗಳಲ್ಲಿ ಮರವೆಯ ರೋಗವು ನೂರಕ್ಕೆ 15 ಪಾಲು ಕಡಮೆಯಾಯಿತೆಂದು 2025ರಲ್ಲಿ ಪ್ರಕಟಿಸಿದರು. ಇದು ನಮಗೆ ಎಟುಕದ ಹಣ್ಣಲ್ಲ. ನಮ್ಮ ರಾಜ್ಯದಲ್ಲಿ 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯಂತೆ ಮನೆಬಾಗಿಲಿಗೇ ಬಂದು ಒತ್ತಡವನ್ನೂ ಸಕ್ಕರೆಯನ್ನೂ ನೋಡುವ ವ್ಯವಸ್ಥೆಯಿದೆ. ಬಂದವರನ್ನು ‘ನಮಗೇನೂ ಇಲ್ಲ ತಾಯಿ’ ಎಂದು ಕಳುಹಿಸಿಬಿಡುವವರು ನಮ್ಮಲ್ಲಿಯೇ ಇದ್ದಾರೆ. ಗುಳಿಗೆ ಕೊಟ್ಟರೆ ಒಂದು ತಿಂಗಳು ನುಂಗಿ, ಸರಿಹೋಯಿತೆಂದು ಬಿಡುವವರಂತೂ ಇನ್ನೂ ಹೆಚ್ಚು. ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಮಿಗಿಂತ ಕಡಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದರೆ ಒಂದು ಸಣ್ಣ ಚಮಚೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿಲ್ಲದೆ ಊಟವೇ ಇಲ್ಲವೆನ್ನುವ ನಾವು ಆ ಚಮಚೆಯನ್ನು ಮೊದಲ ತುತ್ತಿನಲ್ಲಿಯೇ ದಾಟುತ್ತೇವೆ.

ಕಿವಿಯ ವಿಷಯವನ್ನು ಭದ್ರಾವತಿಯವರು ಬೇರೆ ಊರವರಿಗಿಂತ ಹೆಚ್ಚು ಕಿವಿಗೊಟ್ಟು ಕೇಳಬೇಕು. ಕುಲುಮೆಯ ಭೋರ್ಗರೆತದಲ್ಲಿಯೂ ಕಾಗದದ ಯಂತ್ರದ ಸದ್ದಿನಲ್ಲಿಯೂ ಮೂವತ್ತು ವರ್ಷ ದುಡಿದವರಲ್ಲಿ ಕಿವಿ ಮಂದವಾದವರು ಎಷ್ಟೋ ಮಂದಿ. ಕೇಳದವನು ಮಾತಿಗೆ ಸೇರುವುದಿಲ್ಲ. ಮಾತಿಗೆ ಸೇರದವನನ್ನು ಮನೆಯವರು ಬಿಟ್ಟು ಮಾತನಾಡುತ್ತಾರೆ. ಹೀಗೆ ಜನರ ನಡುವೆಯೇ ಅವನಿಗೆ ಅರಣ್ಯವಾಸವಾಗುತ್ತದೆ. ಅಮೆರಿಕದಲ್ಲಿ ಎಪ್ಪತ್ತು ದಾಟಿದ ಸುಮಾರು ಸಾವಿರ ಜನರಿಗೆ ಮೂರು ವರ್ಷ ಪರೀಕ್ಷೆ ಮಾಡಿ 2023ರಲ್ಲಿ ಪ್ರಕಟಿಸಿದ ಫಲವು ಹೀಗಿದೆ: ಎಲ್ಲರನ್ನೂ ಒಟ್ಟು ತೆಗೆದುಕೊಂಡರೆ ಶ್ರವಣಯಂತ್ರದಿಂದ ಬುದ್ಧಿಶಕ್ತಿಗೆ ಹೆಚ್ಚಿನ ಭೇದ ಕಾಣಲಿಲ್ಲ, ಆದರೆ ಹೃದಯದ ಮತ್ತು ರಕ್ತನಾಳದ ತೊಂದರೆಗಳಿದ್ದು ಮೊದಲೇ ಅಪಾಯದ ಅಂಚಿನಲ್ಲಿದ್ದವರಲ್ಲಿ ಬುದ್ಧಿಯ ಇಳಿತವು ಸುಮಾರು ಅರ್ಧದಷ್ಟು ನಿಧಾನವಾಯಿತು. ಕನ್ನಡಕವನ್ನು ಹಾಕಿಕೊಂಡು ಪುರಾಣ ಓದುವವರು ಕಿವಿಯಂತ್ರವನ್ನು ಹಾಕಿಕೊಳ್ಳುವುದಕ್ಕೆ ಮಾತ್ರ ನಾಚುವುದೇಕೋ ನನಗೆ ತಿಳಿಯದು.

ಬುದ್ಧಿಯನ್ನು ಬಳಸಿದಷ್ಟೂ ಅದು ರೋಗವನ್ನು ತಡೆದುಕೊಳ್ಳುತ್ತದೆಯೆಂಬುದಕ್ಕೆ ಒಂದು ಆಶ್ಚರ್ಯಕರವಾದ ದೃಷ್ಟಾಂತವನ್ನು ಹೇಳುತ್ತೇನೆ. ಇದು ಒಂದು ಮಠದ ಕಥೆಯೇ ಆಗಿರುವುದರಿಂದ ಈ ಸಭೆಗೆ ತಕ್ಕದ್ದು. 1986ರಲ್ಲಿ ಅಮೆರಿಕದ ಡೇವಿಡ್ ಸ್ನೋಡನ್ ಎಂಬ ಪಂಡಿತನು ಕ್ರೈಸ್ತ ಸಂನ್ಯಾಸಿನಿಯರ ಒಂದು ಸಂಘದಲ್ಲಿ ಶೋಧನೆಯನ್ನಾರಂಭಿಸಿದನು. ಎಪ್ಪತ್ತೈದು ವರ್ಷ ದಾಟಿದ 678 ಮಂದಿ ಸಂನ್ಯಾಸಿನಿಯರು ವರ್ಷವರ್ಷವೂ ಪರೀಕ್ಷೆಗೆ ಒಪ್ಪಿ, ತಾವು ಗತಿಸಿದ ಮೇಲೆ ತಮ್ಮ ಮಿದುಳನ್ನೂ ಶೋಧನೆಗೆ ದಾನಮಾಡಿದರು. ಎಲ್ಲರಿಗೂ ಒಂದೇ ಬಗೆಯ ಊಟ, ಒಂದೇ ಬಗೆಯ ದಿನಚರಿ, ಮದ್ಯಧೂಮಗಳಿಲ್ಲ; ಹೀಗಾಗಿ ಹೋಲಿಸುವುದು ಸುಲಭವಾಯಿತು. ಇಪ್ಪತ್ತರ ವಯಸ್ಸಿನಲ್ಲಿ ಸಂಘಕ್ಕೆ ಸೇರುವಾಗ ಅವರು ಬರೆದುಕೊಟ್ಟಿದ್ದ ಆತ್ಮಕಥನಗಳು ಮಠದ ಪೆಟ್ಟಿಗೆಯಲ್ಲಿ ಉಳಿದಿದ್ದುವು. ಯಾರ ಬರವಣಿಗೆಯಲ್ಲಿ ಒಂದು ವಾಕ್ಯಕ್ಕೆ ಹಲವು ಭಾವಗಳು ಹೆಣೆದುಕೊಂಡಿದ್ದುವೋ ಅವರಿಗೆ ಅರವತ್ತು ವರ್ಷಗಳ ಮೇಲೆ ಮರವೆಯ ರೋಗವು ಕಡಮೆಯಾಗಿ ಬಂದಿತ್ತು. ಸಿಸ್ಟರ್ ಮೇರಿ ಎಂಬಾಕೆ ನೂರೊಂದು ವರ್ಷ ಬದುಕಿ ಕಡೆಯವರೆಗೂ ಪರೀಕ್ಷೆಗಳಲ್ಲಿ ಚೆನ್ನಾಗಿ ಉತ್ತರ ಹೇಳಿದಳು. ಆದರೆ ಆಕೆಯ ಮಿದುಳಿನಲ್ಲಿ ನಾನು ಮೊದಲು ಹೇಳಿದ ಕಸವೂ ಸಿಕ್ಕೂ ಬೇಕಾದಷ್ಟು ತುಂಬಿದ್ದುವು. ರೋಗವು ಇದ್ದೂ ಆಕೆಯನ್ನು ಗೆಲ್ಲಲಿಲ್ಲ. ನಮ್ಮಲ್ಲಿಯೂ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳವರು 111 ವರ್ಷ ಬಾಳಿ 2019ರಲ್ಲಿ ಲಿಂಗೈಕ್ಯರಾದರು. ಈ ಊರಿನ ಕಾರ್ಖಾನೆಗೆ ಕಾರಣಪುರುಷರಾದ ವಿಶ್ವೇಶ್ವರಯ್ಯನವರು ನೂರು ದಾಟಿ 1962ರಲ್ಲಿ ತೀರಿಕೊಂಡರು. ಮಹಾಪುರುಷರ ಆಯುಸ್ಸಿನಿಂದ ಶಾಸ್ತ್ರವನ್ನು ಸಾಧಿಸಲಾಗದು, ನಿಜ; ಕಾಯಕವನ್ನು ಬಿಡದವರ ಬುದ್ಧಿ ಹೇಗಿರಬಲ್ಲುದೆಂಬುದನ್ನಾದರೂ ನೋಡಬಹುದು.

ಭಾಷೆಯ ಸಂಬಂಧದಲ್ಲಿಯೂ ಒಂದು ಮಾತುಂಟು. ಸುವರ್ಣ ಅಲ್ಲಾಡಿ ಎಂಬ ವೈದ್ಯೆಯೂ ಆಕೆಯ ಸಂಗಡಿಗರೂ ಹೈದರಾಬಾದಿನಲ್ಲಿ 648 ಮಂದಿ ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದಂತೆ, ಎರಡು ಭಾಷೆಗಳನ್ನಾಡುವವರಿಗೆ ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ಈ ರೋಗ ಬಂದಿತ್ತು; ಅಕ್ಷರ ಬಾರದವರಲ್ಲಿಯೂ ಹೀಗೆಯೇ. ಬೇರೆ ದೇಶಗಳ ಎಲ್ಲ ಪರೀಕ್ಷೆಗಳಲ್ಲಿಯೂ ಇಷ್ಟು ಸ್ಪಷ್ಟವಾದ ಫಲ ದೊರೆತಿಲ್ಲವೆಂಬುದನ್ನು ಹೇಳಿಬಿಡುವುದು ನ್ಯಾಯ. ಆದರೂ ಕನ್ನಡ, ತಮಿಳು, ತೆಲುಗು, ಉರ್ದುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಈ ಕಾರ್ಖಾನೆಯ ಊರಿನಲ್ಲಿ ನೆರೆಯವನ ಭಾಷೆಯನ್ನು ಕಲಿತವನಿಗೆ ನಷ್ಟವಂತೂ ಇಲ್ಲ.

ನಮ್ಮ ನಾಡಿನಲ್ಲಿ ನಡೆಯುತ್ತಿರುವ ಶೋಧನೆಯನ್ನು ಸಂಕ್ಷೇಪವಾಗಿ ಹೇಳುವೆನು. ನಮ್ಮ ಜಿಲ್ಲೆಯ ಎರಡು ಊರುಗಳು ಈಗಾಗಲೇ ವೈದ್ಯಗ್ರಂಥಗಳಲ್ಲಿ ಸೇರಿಕೊಂಡಿವೆ: 1957ರಲ್ಲಿ ಸೊರಬದ ಕಡೆಯ ಕ್ಯಾಸನೂರು ಕಾಡಿನ ಹೆಸರು ಮಂಗನಕಾಯಿಲೆಗೂ, 1970ರ ದಶಕದಲ್ಲಿ ಸಾಗರದ ಬಳಿಯ ಹಂದಿಗೋಡಿನ ಹೆಸರು ಕೀಲುಮೂಳೆಗಳನ್ನು ಕೆಡಿಸುವ ವ್ಯಾಧಿಗೂ ಬಂದುವು. ಮರವೆಯ ರೋಗದ ಶೋಧನೆಯಲ್ಲಿ ಅಂತಹ ಪ್ರಸಿದ್ಧಿ ಬಂದಿರುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರಕ್ಕೆ. ಬೆಂಗಳೂರಿನ ವಿಜ್ಞಾನಮಂದಿರದ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ಆ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಪರೀಕ್ಷಿಸುವ ಸಂಕಲ್ಪ ಮಾಡಿರುವರು. ರೋಗ ಬಂದ ಮೇಲೆ ನೋಡುವುದಲ್ಲ, ನೆಟ್ಟಗಿರುವವರನ್ನೇ ನೋಡುತ್ತ ಬಂದು, ಯಾರಿಗೆ ಏಕೆ ಬಂದಿತು, ಯಾರಿಗೆ ಏಕೆ ಬಾರಲಿಲ್ಲವೆಂಬುದನ್ನು ಕಂಡುಹಿಡಿಯುವುದೇ ಇದರ ಉದ್ದೇಶ. ಐರೋಪ್ಯರ ರಕ್ತದಿಂದ ತೆಗೆದ ತೀರ್ಮಾನಗಳು ರಾಗಿಮುದ್ದೆಯನ್ನುಂಡವರಿಗೂ ಸರಿಯಾಗಿ ಹೊಂದುತ್ತವೆಯೇ ಎಂಬುದು ಇದರಿಂದ ತಿಳಿಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ದಾನವಾಗಿ ಬಂದ ಮಿದುಳುಗಳ ಭಾಂಡಾರವಿದೆ. ಅದೇ ಸಂಸ್ಥೆಯ ಸಹಾಯದಿಂದ ರಾಜ್ಯ ಸರಕಾರವು 2022ರಲ್ಲಿ ಮಿದುಳಿನ ಆರೋಗ್ಯಕ್ಕಾಗಿಯೇ ಒಂದು ಕಾರ್ಯಕ್ರಮವನ್ನು ಆರಂಭಿಸಿತು.

ಹೊಸ ಔಷಧಗಳ ವಿಷಯವಾಗಿ ಬಹಳ ಜನ ಕೇಳುತ್ತಾರೆ. ಅಮಿಲಾಯ್ಡ್ ಕಸವನ್ನು ಮಿದುಳಿನಿಂದ ತೊಳೆಯುವ ಲೆಕನೆಮ್ಯಾಬ್ ಎಂಬ ಮದ್ದಿಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ದೊರೆಯಿತು. 2024ರಲ್ಲಿ ಡೊನನೆಮ್ಯಾಬ್ ಎಂಬ ಮತ್ತೊಂದಕ್ಕೂ ದೊರೆಯಿತು. ಲೆಕನೆಮ್ಯಾಬ್ ಹದಿನೆಂಟು ತಿಂಗಳಲ್ಲಿ ರೋಗದ ಓಟವನ್ನು ನೂರಕ್ಕೆ 27ರಷ್ಟು ತಗ್ಗಿಸಿತೆಂದು ಪತ್ರಿಕೆಗಳು ಬರೆದುವು. ಇದು ಸುಳ್ಳಲ್ಲ, ಆದರೆ 18 ಅಂಕಗಳ ಅಳತೆಕೋಲಿನಲ್ಲಿ ಆ ಭೇದವು ಅರ್ಧ ಅಂಕಕ್ಕೂ ಕಡಮೆ. ಮದ್ದು ಪಡೆದ ಎಂಟು ಜನರಲ್ಲಿ ಒಬ್ಬರಿಗೆ ಮಿದುಳಿನಲ್ಲಿ ಬಾವು ಕಂಡಿತು. ಕೆಲವರಿಗೆ ರಕ್ತವೂ ಒಸರಿತು. ಹೋದ ನೆನಪನ್ನು ಅದು ಹಿಂದಕ್ಕೆ ತಾರದು. ರೋಗದ ಆರಂಭದಲ್ಲಿರುವವರಿಗೆ ಮಾತ್ರ, ಬಹಳ ವೆಚ್ಚದಿಂದ, ವೈದ್ಯರ ನಿರಂತರ ಕಾವಲಿನಲ್ಲಿ ಕೊಡತಕ್ಕದ್ದು. ನಿಜವಾದ ಆಶೆಯೆಂದರೆ ರೋಗವನ್ನು ರಕ್ತಪರೀಕ್ಷೆಯಿಂದಲೇ ಗುರುತಿಸುವ ವಿಧಾನವು ಸಿದ್ಧವಾಗಿರುವುದು. ಅಮೆರಿಕದಲ್ಲಿ 2025ರಲ್ಲಿ ಅಂತಹ ಒಂದು ಪರೀಕ್ಷೆಗೆ ಅನುಮತಿಯಾಯಿತು. ನಮ್ಮ ಬ್ರಾಹ್ಮಿಯ ಸಂಗತಿಯನ್ನೂ ಹೇಳಬೇಕು. ಆರೋಗ್ಯವಂತರ ಮೇಲೆ ಮಾಡಿದ ಸಣ್ಣ ಪರೀಕ್ಷೆಗಳಲ್ಲಿ ಅದರಿಂದ ಸ್ಮರಣೆಗೆ ಸ್ವಲ್ಪ ಅನುಕೂಲ ಕಂಡಿದೆ. ಈ ರೋಗವನ್ನು ಗುಣಪಡಿಸುವುದೆಂಬುದು ಸಿದ್ಧವಾಗಿಲ್ಲ. ಆಯುರ್ವೇದದಲ್ಲಿ ಗೌರವವುಳ್ಳವನಾದುದರಿಂದಲೇ, ಅದರ ಹೆಸರಿನಲ್ಲಿ ಆರು ತಿಂಗಳಲ್ಲಿ ನೆನಪನ್ನು ಮರಳಿಸುತ್ತೇವೆಂದು ಸೀಸೆಗಳನ್ನು ಮಾರುವವರನ್ನು ನಂಬಬಾರದೆಂದು ಹೇಳುತ್ತೇನೆ.

ಈಗ ಆ ತಾಯಿಯು ಕೇಳಿದ ಪ್ರಶ್ನೆಗೆ ಬರುತ್ತೇನೆ. ಶರಣರು ನಿಂದಿಸಿದ ಮರವೆಯು ಯಾವುದು? ತಾನು ಶಿವನ ಅಂಶವೆಂಬುದನ್ನು ಮರೆತು, ಹೊನ್ನು ಹೆಣ್ಣು ಮಣ್ಣುಗಳೇ ತಾನೆಂದು ಭ್ರಮಿಸುವ ಭವದ ಮರವೆ. ಅದು ಬುದ್ಧಿ ನೆಟ್ಟಗಿದ್ದವನಿಗೆ ಬರುವಂಥದು. ಲೆಕ್ಕಪತ್ರಗಳಲ್ಲಿ ಒಂದು ಕಾಸನ್ನೂ ಮರೆಯದವನಲ್ಲಿಯೇ ಅದು ದಟ್ಟವಾಗಿರಬಹುದು. ಇದಾದರೋ ಮಿದುಳೆಂಬ ಅವಯವದ ರೋಗ. ಕಣ್ಣಿಗೆ ಪೊರೆ ಬಂದವನು ಲಿಂಗವನ್ನು ಕಾಣದಿದ್ದರೆ ಅವನನ್ನು ಭಕ್ತಿಹೀನನೆಂದು ಯಾರೂ ಹೇಳುವುದಿಲ್ಲ. ಚರಕಸಂಹಿತೆಯಲ್ಲಿ ಧೀ ಧೃತಿ ಸ್ಮೃತಿಗಳ ಭ್ರಂಶವನ್ನು ಪ್ರಜ್ಞಾಪರಾಧಕ್ಕೆ ಸಂಬಂಧಿಸಿ ಹೇಳಿದೆಯಲ್ಲವೇ ಎಂದು ಪಾಠಶಾಲೆಯ ಒಬ್ಬ ವಿದ್ಯಾರ್ಥಿ ಕೇಳಿದನು. ಬುದ್ಧಿ ಕೆಟ್ಟು ಮಾಡುವ ಅಪಥ್ಯದಿಂದ ರೋಗಗಳು ಹುಟ್ಟುತ್ತವೆಯೆಂಬುದು ಅಲ್ಲಿನ ತಾತ್ಪರ್ಯವೇ ಹೊರತು, ಮುಪ್ಪಿನಲ್ಲಿ ಮರೆತವರೆಲ್ಲ ಅಪರಾಧಿಗಳೆಂಬುದಲ್ಲ.

ಸಿದ್ಧಾಂತದ ರೀತಿಯಿಂದ ನೋಡಿದರೆ ಇನ್ನೂ ಸ್ಪಷ್ಟ. ಶ್ರೀಗುರುವು ಕ್ರಿಯಾದೀಕ್ಷೆಯಿಂದ ಸ್ಥೂಲತನುವಿಗೆ ಇಷ್ಟಲಿಂಗವನ್ನೂ, ಮಂತ್ರದೀಕ್ಷೆಯಿಂದ ಸೂಕ್ಷ್ಮತನುವಿಗೆ ಪ್ರಾಣಲಿಂಗವನ್ನೂ, ವೇಧಾದೀಕ್ಷೆಯಿಂದ ಕಾರಣತನುವಿಗೆ ಭಾವಲಿಂಗವನ್ನೂ ಸಂಬಂಧಿಸುವನು. ಮಿದುಳು ಸ್ಥೂಲತನುವಿನ ಭಾಗ. ಅಲ್ಲಿಯ ಕೆಡುಕು ಭಾವಲಿಂಗವನ್ನು ಮುಟ್ಟುವುದೆಂದು ಹೇಳುವುದಕ್ಕೆ ಯಾವ ಆಧಾರವೂ ಇಲ್ಲ. ಇಷ್ಟಕ್ಕೂ ನಮ್ಮ ಆಚಾರವೇ ಉತ್ತರವನ್ನು ಹೇಳುತ್ತಿದೆ. ಹಸುಗೂಸಿಗೆ ಲಿಂಗಧಾರಣೆ ಮಾಡುವೆವಲ್ಲ, ಆ ಕೂಸಿಗೆ ಲಿಂಗದ ಅರಿವುಂಟೇ? ಅದು ಲಿಂಗವನ್ನು ಬಾಯಲ್ಲಿಟ್ಟುಕೊಳ್ಳುತ್ತದೆ, ಎಳೆದು ಬಿಸಾಡುತ್ತದೆ. ತಾಯಿಯು ನಕ್ಕು ಎತ್ತಿ ಒರೆಸಿ ಮತ್ತೆ ಕಟ್ಟುತ್ತಾಳೆ. ಅದರ ಪರವಾಗಿ ತಾನೇ ಪೂಜೆ ಮಾಡುತ್ತಾಳೆ. ಅರಿವು ಬರುವುದಕ್ಕೆ ಮೊದಲು ಆ ಕೂಸು ಲಿಂಗವಂತನೇ ಆಗಿದ್ದರೆ, ಅರಿವು ಮರೆಯಾದ ಮೇಲೆ ಆ ವೃದ್ಧನು ಹೇಗೆ ಲಿಂಗಹೀನನಾಗುವನು? ಅಂದು ತಾಯಿ ಮಾಡಿದುದನ್ನು ಇಂದು ಮಗನೋ ಮಗಳೋ ಸೊಸೆಯೋ ಮಾಡತಕ್ಕದ್ದು. ಅವರ ಅಂಗೈಯನ್ನು ತಮ್ಮ ಅಂಗೈಯ ಮೇಲಿಟ್ಟುಕೊಂಡು ಲಿಂಗವನ್ನು ಅಲ್ಲಿರಿಸಿ ಪೂಜೆ ಮಾಡಿಸಬಹುದು. ಬಿಚ್ಚಿ ಎಲ್ಲಿಯಾದರೂ ಇಡುವರೆಂಬ ಭಯವಿದ್ದರೆ ಪೂಜೆಯ ಹೊತ್ತಿನ ಹೊರತು ಮನೆಯವರು ಕಾಪಾಡಿಕೊಂಡಿರಬಹುದು. ಸಂಸ್ಕಾರಕ್ಕೆ ಯಾವ ಬಾಧಕವೂ ಇಲ್ಲ. ಇದನ್ನು ಶ್ರೀಗಳವರ ಸನ್ನಿಧಿಯಲ್ಲಿ ನಿವೇದಿಸಿ, ಅವರ ಅನುಮತಿಯಿಂದಲೇ ಆ ತಾಯಿಗೆ ಹೇಳಿ ಕಳುಹಿಸಿದೆವು. ಈಗ ನಿಮ್ಮೆಲ್ಲರ ಮುಂದೆಯೂ ಹೇಳುತ್ತಿದ್ದೇನೆ.

ರೋಗಿಯನ್ನು ನೋಡಿಕೊಳ್ಳುವವರ ವಿಷಯದಲ್ಲಿ ಒಂದೆರಡು ಮಾತು ಉಳಿದಿವೆ. ಈ ರೋಗವು ಒಬ್ಬರಿಗೆ ಬಂದು ಇಬ್ಬರನ್ನು ಮಲಗಿಸುತ್ತದೆ. ನೋಡಿಕೊಳ್ಳುವವರು ಬಹುಮಟ್ಟಿಗೆ ಹೆಂಗಸರು. ಹಗಲು ಅಡುಗೆ, ರಾತ್ರಿ ಕಾವಲು. ಮಠಕ್ಕೆ ಅಕ್ಕಿಬೇಳೆ ತರುವುದು ದಾಸೋಹವಾದರೆ, ಅಂತಹ ಮನೆಗೆ ವಾರಕ್ಕೆ ಎರಡು ದಿನ ಹೋಗಿ ಮೂರು ಗಂಟೆಯ ಕಾಲ ಕುಳಿತು, ಆಕೆಯನ್ನು ನಿದ್ರೆಗೆ ಕಳುಹಿಸುವುದೂ ದಾಸೋಹವೇ ಎಂದು ನನ್ನ ಮತ. ಮರೆತವರೊಡನೆ ವಾದಿಸಬಾರದು. ತೀರಿಕೊಂಡ ತಮ್ಮನನ್ನು ಕೇಳಿದರೆ ‘ಸತ್ತು ಹತ್ತು ವರ್ಷವಾಯಿತು’ ಎಂದು ಪ್ರತಿಸಲವೂ ಹೇಳಿ ಪ್ರತಿಸಲವೂ ಅಳಿಸುವುದಕ್ಕಿಂತ, ತಮ್ಮನ ಬಾಲ್ಯದ ಮಾತನ್ನು ತೆಗೆದು ಅವರಿಂದಲೇ ಹೇಳಿಸುವುದು ಮೇಲು. ಹೊಸದು ನಿಲ್ಲದಿದ್ದರೂ ಹಳೆಯದು ಬಹುಕಾಲ ಉಳಿಯುತ್ತದೆ. ಹೆಂಡತಿಯ ಹೆಸರನ್ನು ಮರೆತವರು ಬಾಲ್ಯದಲ್ಲಿ ಕಲಿತ ವಚನವನ್ನು ರಾಗದಿಂದ ಹಾಡುವುದನ್ನು ನಾನು ಕೇಳಿದ್ದೇನೆ. ಹೊರಗೆ ಹೋಗುವ ಅಭ್ಯಾಸವುಳ್ಳವರ ಜೇಬಿನಲ್ಲಿ ಮನೆಯವರ ಫೋನಿನ ಸಂಖ್ಯೆಯನ್ನು ಬರೆದ ಚೀಟಿಯಿರಲಿ. ವೃದ್ಧರ ಸಹಾಯಕ್ಕಾಗಿ ಸರಕಾರವು ಇಟ್ಟಿರುವ 14567 ಎಂಬ ದೂರವಾಣಿ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದುಕೊಳ್ಳಿರಿ. ಪರೀಕ್ಷೆಗೆ ಬೆಂಗಳೂರಿಗೇ ಓಡಬೇಕಾಗಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮೊದಲು ತೋರಿಸಬಹುದು.

ರೋಗವು ಬಲಿತವರಿಗೆ ನುಂಗುವುದೂ ಮರೆತುಹೋಗುತ್ತದೆ. ನೀರಿನಂತಹ ತೆಳುವಾದ ಪದಾರ್ಥವು ಶ್ವಾಸನಾಳಕ್ಕೆ ಇಳಿದು ಪ್ರಾಣಾಪಾಯವಾಗುವುದುಂಟು. ಆದುದರಿಂದ ಮಲಗಿರುವವರ ಬಾಯಿಗೆ ಪಾದೋದಕವನ್ನು ಸುರಿಯಬಾರದು. ಬೆನ್ನಿಗೆ ದಿಂಬುಕೊಟ್ಟು ನೆಟ್ಟಗೆ ಕೂರಿಸಿ ತುಟಿಗೆ ಸೋಂಕಿಸಿದರೆ ಸಾಕು. ಪ್ರಸಾದವನ್ನು ಮೆದುವಾಗಿ ಕಿವಿಚಿ ಸ್ವಲ್ಪಸ್ವಲ್ಪವಾಗಿ, ನುಂಗಿದರೆಂದು ನೋಡಿಕೊಂಡು ಕೊಡಬೇಕು. ಮನೆಮನೆಗೆ ಹೋಗುವ ಅಯ್ಯನವರಿಗೂ ಇದನ್ನು ತಿಳಿಸಿದ್ದೇವೆ.

ಶ್ರೀಗಳವರ ಅಪ್ಪಣೆಯಂತೆ ಬರುವ ತಿಂಗಳಿನಿಂದ ಪ್ರತಿ ಸೋಮವಾರ ಬೆಳಗಿನ ಪೂಜೆಯಾದ ಮೇಲೆ ಪಾಠಶಾಲೆಯ ಜಗಲಿಯಲ್ಲಿ ರಕ್ತದ ಒತ್ತಡವನ್ನು ನೋಡುವ ಏರ್ಪಾಡಾಗಿದೆ. ನಲವತ್ತು ದಾಟಿದವರೆಲ್ಲರೂ ಬರಬಹುದು, ಜಾತಿಮತಗಳ ಪ್ರಶ್ನೆಯಿಲ್ಲ. ಮರೆತವರ ಮನೆಗೆ ಹೋಗಿ ಕುಳಿತುಕೊಳ್ಳಲು ಒಪ್ಪುವವರು, ಅಂತಹವರು ಬೇಕೆನ್ನುವ ಮನೆಯವರು, ಇಬ್ಬರೂ ಮಠದ ಕಾರ್ಯಾಲಯದಲ್ಲಿ ಹೆಸರನ್ನು ಬರೆಯಿಸಬೇಕಾಗಿ ಪ್ರಾರ್ಥನೆ. ಆ ಎರಕದ ವಿಭಾಗದ ಹಿರಿಯರ ಮನೆಯವರು ಮೊದಲನೆಯ ಹೆಸರನ್ನು ಬರೆಯಿಸಿರುವರು. ಎರಡನೆಯ ಪಟ್ಟಿಯಲ್ಲಿಯೇ ಎಂದು ಎಣಿಸಬೇಡಿರಿ, ಮಗನು ಎರಡರಲ್ಲಿಯೂ ಬರೆದಿದ್ದಾನೆ.